ಸದರಿ ಯಂತ್ರ

ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು
ದೇಜಪ್ಪ ಮೆಂಡನ್ ನಿಂತೇ ಇದ್ದರು.
ಕೂತುಕೊಳ್ಳಿ ಅಂದೆ. ಕೂತರು, ಕುರ್ಚಿಯ ತುದಿಗೆ,
ದೋಣಿಯ ಅಂಚಿಗೆ ಕೂತವರ ಹಾಗೆ.
'ಇದು ನಂದಲ್ಲ ಮೇಡಂ.'

ಮೀನು ಹುಡುಕುವ ಯಂತ್ರ. ಬುತ್ತಿಯ ಡಬ್ಬಿಯಷ್ಟು.
ಮೊಣಕಾಲು ಕೈಕೊಟ್ಟು, ಮಲ್ಪೆಯಲ್ಲಿ ಬೋಟು ಮಾರಿ
ಉಳಿದದ್ದು ಇದೊಂದು. ಮಗಳು ಫೋಟೋ ತೆಗೆದು
ಆನ್‌ಲೈನಿಗೆ ಹಾಕಿದಳು: ಇಪ್ಪತ್ತೆಂಟು ಸಾವಿರ.
ಗಂಗೊಳ್ಳಿಯ ಹುಡುಗನೊಬ್ಬ ಚೌಕಾಸಿ ಮಾಡದೆ ಕೊಂಡ.
(ಚೌಕಾಸಿ ಮಾಡದವನನ್ನು ನಂಬಬಾರದಿತ್ತು, ಅಂದರು ನಡುವೆ.)
ಒಂಬತ್ತನೇ ದಿನ ವಾಪಸ್ ಬಂತು. ಕಾರಣ: 'ಸರಿಯಿಲ್ಲ.'
ಕಂಪೆನಿ ಅವನ ಹಣ ಅವನಿಗೆ ಕೊಟ್ಟು
ಇವರ ಖಾತೆಯಿಂದ ಕತ್ತರಿಸಿತು, ಕೇಳದೆ.

ಬಿಲ್ಲು? ಉಪ್ಪುನೀರಿಗೆ ಹೋಯಿತು.
ಸೀರಿಯಲ್ ನಂಬರು? ನೋಡಿಟ್ಟವರಾರು.
ಮತ್ತೆ ನಿಮ್ಮದಲ್ಲ ಅಂತ ಹೇಗೆ?
'ನಂದಕ್ಕೆ ಎಡ ಮೂಲೆಯಲ್ಲಿ
ಬೂತಾಯಿ ಮುಳ್ಳಿನಷ್ಟು ಗೀರು ಉಂಟು. ಅದು ಬಿಡಿ.
ಇದರೊಳಗೆ ಬೇರೆಯವರ ಕಡಲುಂಟು.'

ಚೀಲದಿಂದ ಸ್ಕೂಟರಿನ ಬ್ಯಾಟರಿ ತೆಗೆದು ತಂತಿ ಸಿಕ್ಕಿಸಿದರು.
ನೀಲಿ ಪರದೆಯಲ್ಲಿ ಚುಕ್ಕಿಗಳು. ರತ್ನಾಗಿರಿಯ ಆಚೆ
ಯಾರೋ ಬಲೆ ಬಿಟ್ಟು ಗುರುತಿಟ್ಟ ಜಾಗಗಳು.
'ನಂದರಲ್ಲಿ ನೂರಾ ಹದಿನೇಳಿತ್ತು.
ಬಂಗುಡೆ ಸಿಕ್ಕಿದ್ದು, ಬಲೆ ಹರಿದದ್ದು.
ಸ್ವಂತ ತಮ್ಮನಿಗೂ ಹೇಳಿದ್ದಿಲ್ಲ.
ಅಳಿಸಿ ಮಾರಬೇಕು ಅಂತ ಗೊತ್ತಿರಲಿಲ್ಲ ನಂಗೆ.'

ಆಗ ಹೊಳೆಯಿತು, ಹುಡುಗ ಕೊಂಡದ್ದು ಡಬ್ಬಿಯನ್ನಲ್ಲ.

ಗ್ರಾಹಕರ ಆಯೋಗ, ಅಂದೆ. ಉಪಾಧ್ಯ ಸರ್ ನಕ್ಕರು:
ಮಾರಿದವ ಗ್ರಾಹಕನಾದದ್ದು ಯಾವಾಗಮ್ಮ?
ನೋಟೀಸು ಕಳಿಸಿದೆ. ಕಂಪೆನಿಯ ಉತ್ತರ ಹದಿನಾಲ್ಕು ಪುಟ,
ಅದರಲ್ಲಿ 'ನಾವು ಕೇವಲ ವೇದಿಕೆ' ಎಂಬುದು ಆರು ಸಲ.
ಹುಡುಗನದು ಒಂದೇ ಸಾಲು: ಕೊಂಡದ್ದನ್ನೇ ಕೊಟ್ಟಿದ್ದೇನೆ.

ನಷ್ಟದ ವಿವರ ಬರೆಯುವಾಗ ಕೈ ನಿಂತಿತು.
ಯಂತ್ರದ ಬೆಲೆ ಬರೆದೆ. ಮಾನಸಿಕ ಹಿಂಸೆ ಐದು ಸಾವಿರ,
ಎಲ್ಲರೂ ಬರೆಯುವುದು, ಬರೆದೆ. ಚುಕ್ಕಿಗೆಷ್ಟು?
ಒಂದಕ್ಕೊಂದು ರಾತ್ರಿ ಅಂತ ಹಿಡಿದರೂ
ರಾತ್ರಿಗೆ ಯಾವ ದರ? ನಮ್ಮ ದಾವೆಗಳಲ್ಲಿ
ಕಡಲು ಬರುವುದು ಚಕ್ಕುಬಂದಿಯಲ್ಲಿ ಮಾತ್ರ:
ಪಶ್ಚಿಮಕ್ಕೆ, ಸಮುದ್ರ.

ಉಡುಪಿಯ ಮಧ್ಯಸ್ಥಿಕೆಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು.
ಹುಡುಗನಿಗೆ ಇಪ್ಪತ್ತಮೂರಿರಬಹುದು,
ಉಗುರಿನ ಸಂದಿಯಲ್ಲಿ ಡೀಸೆಲ್ ಕಪ್ಪು.
ನಾನು ಕಡತ ಬಿಚ್ಚುವ ಮೊದಲೇ ಮೆಂಡನ್
ಜೆಟ್ಟಿಯಲ್ಲಿ ಕೇಳುವ ಹಾಗೆ ಕೇಳಿದರು:
'ನಲವತ್ತನೇ ಚುಕ್ಕಿಗೆ ಹೋದೆಯಾ?'
ಹುಡುಗ ತನ್ನ ಕೈ ನೋಡಿಕೊಂಡ. 'ಹೋಯಿದ್ದೆ.'
'ಎಂತ ಸಿಕ್ಕಿತು?'
'ಬಲಿ ಹರ್ದ್ ಹೋಯ್ತ್.'
'ಹೌದು. ಅದು ಕಲ್ಲು.'

ಪ್ರಕರಣ ಅಷ್ಟೇ. ಮಿಕ್ಕದ್ದು ಕಾಗದ:
ಎರಡು ಕಂತು, ಮೂರು ರುಜು, ಒಂದು ಮೊಹರು.
ಯಂತ್ರ ಅವನ ಹತ್ರವೇ ಇರಲಿ, ಅಂದರು ಮೆಂಡನ್.
ಮೆಟ್ಟಿಲಿಳಿದವರು ಏದುಸಿರು ಬಿಡುತ್ತಾ ಮತ್ತೆ ಹತ್ತಿ ಬಂದರು,
ಆ ಮೊಣಕಾಲಿನಲ್ಲಿ. 'ಅರವತ್ತೆರಡೂ ಕಲ್ಲೇ ಮಾರಾಯ.
ಹೇಳಲು ಮರೆತೆ.'

ರಾಜಿಪತ್ರದ ಕೊನೆಯ ಕಲಮಿನಲ್ಲಿ ತೊಡಕಾಯಿತು.
ಹಿಂತಿರುಗಿ ಬಂದ ಸದರಿ ಯಂತ್ರ ಯಾರಿಗೆ?
ಹುಡುಗ ಅದನ್ನು ಗುಜರಿಯಿಂದ ತಂದದ್ದಂತೆ. ಬೇಡ.
ಮೆಂಡನ್ನರಿಗೂ ಬೇಡ:
'ಬೇರೆಯವರದು ನೋಡಬಾರದು ಮೇಡಂ.'

ಈಗ ನನ್ನ ಕಪಾಟಿನ ಮೇಲಿದೆ, ಮುಗಿದ ಕಡತಗಳ ಪಕ್ಕ.
ಮೊನ್ನೆ ಕರೆಂಟು ಹೋದ ಸಂಜೆ ಬ್ಯಾಟರಿಗೆ ಸಿಕ್ಕಿಸಿದೆ.
ಚುಕ್ಕಿ ನೋಡಲಿಲ್ಲ, ಆಣೆ.
ಆಳ ತೋರಿಸುವಲ್ಲಿ ಮೂರು ಗೆರೆ ಮಿಣುಕುತ್ತಿದ್ದವು,
ಎರಡನೇ ಮಹಡಿಯಲ್ಲಿ, ಒಣ ಮೇಜಿನ ಮೇಲೆ,
ತಳ ಹುಡುಕುತ್ತಾ.